ಹೊಳೆಯುವ ಕಾಳು

ಮೊದಲು ಹೋದವಳು ಮೊಂಡಿ.
ಕಾವೇರಿ ನೀರು ಬಿಡುವ ಸೋಮವಾರ, ಬೆಳಗಿನ ಜಾವ,
ಡ್ರಮ್ಮಿನ ಸಂದಿಯಲ್ಲಿ ಕತ್ತು ನೆಲಕ್ಕೆ ಚಾಚಿ
ಮಣ್ಣಿನೊಳಗೆ ಯಾರೋ ಮಾತಾಡುವುದನ್ನು
ಕೇಳಿಸಿಕೊಳ್ಳುವವಳ ಹಾಗೆ ಮಲಗಿದ್ದಳು.
ಗಾಯವಿಲ್ಲ. ಪುಕ್ಕ ಒಂದೂ ಉದುರಿರಲಿಲ್ಲ.

ವಯಸ್ಸಾಗಿತ್ತು ಅಂದುಕೊಂಡೆ.
ಗುರುವಾರ ಚುಕ್ಕಿ ಹೋದಳು. ಅವಳಿಗೆ ಆಗಿರಲಿಲ್ಲ.

ಲಗ್ಗೆರೆಯ ನಮ್ಮ ವಠಾರದಲ್ಲಿ
ಸಾವಿಗೆ ಕಾರಣ ಹೇಳಲು ಯಾರೂ ಫೀಸು ಕೇಳುವುದಿಲ್ಲ.
"ಕಣ್ಣಾಗಿದೆ, ಮೆಣಸಿನಕಾಯಿ ನೀವಾಳಿಸು" ಅಂದರು
ಮಹಡಿಯ ಪುಟ್ಟಗೌರಮ್ಮ.
"ಇಲಿಪಾಷಾಣ ಕಣಕ್ಕಾ, ಹಿಂದಿನ ಬೀದಿಯವರು
ಹೆಗ್ಗಣಕ್ಕೆ ಇಡ್ತಾರೆ" ಅಂದ ವೆಲ್ಡಿಂಗ್ ಸೆಲ್ವರಾಜು.
ನಮ್ಮತ್ತೆ ಏನೂ ಅನ್ನಲಿಲ್ಲ; ಇವಳು ಸಾಕಿದ್ದು
ಯಾವುದು ಉಳಿದಿದೆ ಎಂಬಂತೆ ಕಾಲು ನೀಡಿ ಕೂತರು.

ರಾತ್ರಿ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದೆ:
ನೀರು, ನಾವು ಕುಡಿಯುವುದೇ.
ರಾಗಿ, ರೇಷನ್ನಿನದು, ಬೂಷ್ಟು ಹಿಡಿದಿಲ್ಲ.
ಕೊಕ್ಕರೆ ರೋಗದ ಲಸಿಕೆ ಸಂಕ್ರಾಂತಿ ಕಳೆದ ವಾರವೇ ಆಗಿದೆ.
ಹಾವು ಬಂದಿದ್ದರೆ ಮೊಟ್ಟೆ ಬಿಡುತ್ತಿತ್ತೇ?
ಹಿಕ್ಕೆ ಹಸಿರು.
ಹಸಿರಿನ ಕೆಳಗೆ ಗೆರೆ ಎಳೆದೆ, ಯಾಕೆಂದು ತಿಳಿಯದೆ.

ಶನಿವಾರ ಹುಂಜ. ಅವನ ಹೆಸರು ಪೊಲೀಸ್.
ಕುಡಿದವನಂತೆ ಗೋಡೆ ಹಿಡಿದು ನಡೆದ,
ಕೂಗಲು ಬಾಯಿ ತೆರೆದ, ಕೂಗು ಬರಲಿಲ್ಲ.

ಐಸಿನ ಜೊತೆ ಊಟದ ಬ್ಯಾಗಿನಲ್ಲಿಟ್ಟು
ಎರಡು ಬಸ್ಸು ಬದಲಿಸಿ ಹೆಬ್ಬಾಳಕ್ಕೆ ಒಯ್ದೆ.
"ಏನಮ್ಮ ಅದರಲ್ಲಿ?" ಅಂದ ಕಂಡಕ್ಟರು.
"ಪೊಲೀಸ್" ಅಂದುಬಿಟ್ಟೆ.
ಸೊನ್ನೆ ಟಿಕೆಟು ಹರಿದು ಕೊಟ್ಟು ಸುಮ್ಮನೆ ಮುಂದೆ ಹೋದ.

ಡಾಕ್ಟರು ಮಹಾನಂದಾ, ಬೀದರಿನ ಹುಡುಗಿ,
ಕಂದನಕಾಯಿ ಸೀಳಿ ತಟ್ಟೆಯಲ್ಲಿ ತೊಳೆದಳು.
ಹಲ್ಲಿಲ್ಲದ ಜೀವಕ್ಕೆ ಕಲ್ಲೇ ಹಲ್ಲು:
ಮರಳು, ಒಡೆದ ಬಳೆ, ಅಂಗಿಯ ಒಂದು ಗುಂಡಿ,
ಮತ್ತೆ ಸಾಸಿವೆಯಷ್ಟು, ರಾಗಿಯಷ್ಟು,
ಸವೆದು ಸವೆದು ಇನ್ನೂ ಹೊಳೆಯುತ್ತಿದ್ದ ಕಾಳುಗಳು.
"ಇವೇನ್ರೀ ಇವು?"

ಅವಳು ಕೇಳುವ ಮೊದಲೇ ನನ್ನ ಬೆರಳಿಗೆ ಗೊತ್ತಾಗಿತ್ತು.
ಒಂಬತ್ತು ವರ್ಷ. ಪೀಣ್ಯದಿಂದ ಚೀಲ ಬರುತ್ತದೆ,
ಬಲ್ಬಿನ ಬೋರ್ಡು, ಒಂದಕ್ಕೆ ನಲವತ್ತು ಪೈಸೆ.
ಹೊಗೆ ಒಳಗೆ ಬೇಡವೆಂದು ಹಿತ್ತಲಲ್ಲಿ ಕೂತು ಬೆಸೆಯುತ್ತೇನೆ.
ಕಾದ ಕಡ್ಡಿಯ ತುದಿಯನ್ನು ಒಮ್ಮೆ ಒದರಿದರೆ
ಹನಿ ಹಾರಿ ಮಣ್ಣಿಗೆ ಬಿದ್ದು ಕಾಳಾಗುತ್ತದೆ.
ಕೋಳಿಗಳು ಓಡಿ ಬರುತ್ತಿದ್ದವು.
ನನ್ನ ಮೇಲಿನ ಪ್ರೀತಿ ಅಂದುಕೊಂಡಿದ್ದೆ.

"ಸೀಸ ಅನಸ್ತದ. ರಿಪೋರ್ಟ್ ಬರೂತನಕ ತತ್ತಿ ತಿನಬ್ಯಾಡ್ರಿ.
ನಿಮ್ಮ ರಕ್ತಾನೂ ಒಮ್ಮೆ ತೋರಸ್ರಿ."
ಕೈ ತೊಳೆಯುತ್ತ, ನನ್ನ ಕಡೆ ನೋಡದೆ,
"ಇಷ್ಟ ದಿನ ತತ್ತಿ ಯಾರ್ಯಾರು ತಿಂದಾರ್ರಿ?"

ಯಾರ್ಯಾರು.
ನಾನು. ಅತ್ತೆ, ಕಾರ್ತೀಕ ಬಿಟ್ಟು.
ಸೆಲ್ವರಾಜುವಿನ ಮಗು ದಿನಕ್ಕೊಂದು,
ಮೂರು ತುಂಬಿದರೂ ಮಾತು ಬಾರದ ಕೂಸು,
ಶಕ್ತಿ ಬರಲಿ ಎಂದು ನಾನೇ ಬೇಯಿಸಿ,
ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಕೊಟ್ಟದ್ದು.

ಸಂಜೆ ಉಳಿದ ನಾಲ್ಕನ್ನು ಮಂಕರಿ ಕೆಳಗೆ ಮುಚ್ಚಿ
ಹಿತ್ತಲ ಮಣ್ಣು ಕೆರೆಯತೊಡಗಿದೆ.
ಏನು, ಯಾಕೆ ಎಂದು ಕೇಳದೆ ಸೆಲ್ವರಾಜು
ಅಂಗಡಿಯ ಅಯಸ್ಕಾಂತ ತಂದ, ನನ್ನ ಪಕ್ಕ ಮಂಡಿಯೂರಿದ.
ಮೊಳೆ ಬಂತು, ತುಕ್ಕಿನ ಪುಡಿ ಬಂತು,
ಸೈಕಲ್ಲಿನ ಒಂದು ನಟ್ಟೂ ಬಂತು.
"ನೋಡಕ್ಕಾ, ಇವೇ ಇರಬೇಕು" ಅಂತ ನಕ್ಕ.
ಕಾಳುಗಳು ಮಾತ್ರ ಅಲ್ಲೇ ಹೊಳೆಯುತ್ತಿದ್ದವು.
ಸೀಸ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಹೇಳಬೇಕು. ಬಾಯಿ ತೆರೆದೆ, ಪೊಲೀಸನ ಹಾಗೆ.
ಗೋಡೆಯಾಚೆ ಮಗು
ತಟ್ಟೆಗೆ ಚಮಚ ಬಡಿಯತೊಡಗಿತು.
ಅದಕ್ಕೆ ಮೊಟ್ಟೆಯ ಹೊತ್ತು ಗೊತ್ತು.