ತಾಯಿ ಕಾರ್ಡಿನ ನಾಲ್ಕನೇ ಸಾಲು

ಮನೆತನದಲ್ಲಿ ಕಾಯಿಲೆ ಏನಾದರೂ?
ಅಮ್ಮತ್ತಿಯ ಶೈಜಾ ಸಿಸ್ಟರ್ ಕೇಳಿದ್ದರು.
ಇಲ್ಲ ಅಂದೆ, ಬರೆದುಕೊಂಡರು.
ನಾಲ್ಕನೇ ಸಾಲು, ನೀಲಿ ಇಂಕು: ಇಲ್ಲ.

ಆಮೇಲೆ ಇನ್ನೆರಡು ಕಾರ್ಡಾದವು.
ಮೂರರಲ್ಲೂ ಇಲ್ಲ,
ಮೂರರಲ್ಲೂ ಐದನೇ ತಿಂಗಳಿಂದಾಚೆ ಖಾಲಿ.

ಮೈಸೂರಿನಿಂದ ಬಂದ ರಿಪೋರ್ಟಿನಲ್ಲಿ
ಹಾಲೆಂಡಿನ ಒಂದು ಊರು.
ನನ್ನ ರಕ್ತ ಹೆಪ್ಪುಗಟ್ಟುವ ಗುಣಕ್ಕೆ ಅದರದೇ ಹೆಸರಂತೆ, ಲೈಡನ್.
ಇನ್ನೊಂದು ಮನೆಹೆಸರು ಸಿಕ್ಕಿತಲ್ಲ ನಿನಗೆ,
ಅಂದ ಮಂದಣ್ಣ. ನಗಿಸಲು ನೋಡಿದ.
ಸೆರಗಿಗೆ ಕಲ್ಲು ಕಟ್ಟಿ, ಹಕ್ಕು ಎಣಿಸಿ
ಒಂದು ಒಕ್ಕ ಇನ್ನೊಂದಕ್ಕೆ ನನ್ನನ್ನು ಒಪ್ಪಿಸಿತ್ತು.
ರಕ್ತವನ್ನು ಯಾರೂ ಎಣಿಸಿರಲಿಲ್ಲ.

ಅವ್ವನಿಗೆ ಫೋನು ಮಾಡಿದೆ.
ಅವಳ ಎಡಗಾಲು ನನ್ನ ಹೆತ್ತ ಮೇಲೆ ಬಾತದ್ದು
ಇಳಿಯಲೇ ಇಲ್ಲ.
ಬಾಣಂತಿ ತಣ್ಣೀರು ತುಳಿದಳು ಅಂದರು ಎಲ್ಲ,
ಅವಳೂ ನಂಬಿದಳು, ಮೂವತ್ತೊಂದು ವರ್ಷ.
ಫೋನಿನಲ್ಲಿ ಮಾತಿಲ್ಲ.
ಒಲೆಯ ಮೇಲೆ ಕಾಚಂಪುಳಿ ಕುದಿಯುವ ಸದ್ದು.

ಆಮೇಲೆ ಅಂದಳು: ಬೊಳ್ಳವ್ವ ತಾಯಿ ಹೋದದ್ದೂ ಹಾಗೇ.
(ನಮ್ಮಲ್ಲಿ ಅಜ್ಜಿಯೇ ತಾಯಿ.)
ನನ್ನ ತೊಟ್ಟಿಲಿಗೆ ಎರಡು ದಿನ ಇತ್ತಂತೆ.
ಬಟ್ಟೆ ಮಡಚುತ್ತಾ ಕೂತವಳು
ಉಸಿರು ಸಿಗುತ್ತಿಲ್ಲ ಅಂದಳಂತೆ, ಅಷ್ಟೇ.
ನಾನು ಹೆಣ್ಣು, ಹುಟ್ಟಿದಾಗ ಗುಂಡು ಹಾರಿಸಿರಲಿಲ್ಲ.
ಅವಳಿಗೆ ಎರಡು ಹಾರಿಸಿದರು.

ಅವ್ವ, ಕಾಚಂಪುಳಿ ತಳ ಹಿಡಿಯುತ್ತೆ, ಕೈಯಾಡಿಸು.
ಹಿಡಿದಾಯಿತು ಬಿಡು, ಅಂದಳು.

ನಾಲ್ಕನೇ ಸಲ ದಿನಾ ರಾತ್ರಿ ಎಂಟಕ್ಕೆ ಸೂಜಿ,
ಒಂದು ದಿನ ಹೊಕ್ಕುಳ ಎಡಕ್ಕೆ, ಒಂದು ದಿನ ಬಲಕ್ಕೆ.
ಹೊಟ್ಟೆ ತುಂಬ ಕಲೆ, ಹಳೆಯವು ಹಳದಿ, ಹೊಸವು ನೇರಳೆ.
ಖಾಲಿ ಸಿರಿಂಜುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾ
ಮಂದಣ್ಣ ಲೆಕ್ಕ ಇಟ್ಟ: ನೂರ ಎಪ್ಪತ್ತೊಂಬತ್ತು.

ಮೂವತ್ತೆರಡನೇ ವಾರ ಉಂಗುರ ಬೆರಳಲ್ಲೇ ಕೂತಿತು,
ಸೋಪಿಗೂ ಬರಲಿಲ್ಲ.
ಕಣ್ಣೆದುರು ಮಿಣುಕು. ಕಾಫಿ ಹೂವಿನಂತೆ ಅನ್ನೋಣವೆಂದರೆ
ಹಾಗಿರಲಿಲ್ಲ, ವೆಲ್ಡಿಂಗ್ ನೋಡಿದ ಮೇಲೆ ಇರುತ್ತಲ್ಲ, ಹಾಗೆ.
ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.
ನೂರ ಎಪ್ಪತ್ತು, ನೂರ ಹತ್ತು.
ಇವತ್ತು ಸೂಜಿ ಬೇಡ, ಕೊಯ್ಯಬೇಕಾಗಬಹುದು ಅಂದರು.

ಆನೆಚೌಕೂರಿನ ಕಾಡಲ್ಲಿ ಆಂಬುಲೆನ್ಸ್ ನಿಂತಿತು.
ರಸ್ತೆಯ ನಡುವೆ ಒಂಟಿ ಸಲಗ,
ಅದಕ್ಕೆ ಯಾವ ಅವಸರವೂ ಇರಲಿಲ್ಲ.
ಡ್ರೈವರ್ ದೀಪ ಆರಿಸಿದ.
ಕತ್ತಲಲ್ಲಿ ನನ್ನ ನಾಡಿ ಕಿವಿಯೊಳಗೆ ಒನಕೆ ಹಾಕುತ್ತಿತ್ತು.

ಹೆಣ್ಣು. ಒಂದು ಕಿಲೋ ಆರುನೂರು.
ನನಗೆ ಇನ್ನೂ ಆರು ವಾರ ಸೂಜಿ.
ಅವಳಿಗೆ ಬಂದಿದೆಯೋ ಇಲ್ಲವೋ,
ಅರ್ಧಕ್ಕರ್ಧ ಅಂದಿದ್ದಾರೆ ಡಾಕ್ಟರು.
ಅವಳ ಕಾರ್ಡಿನಲ್ಲಿ ಆ ಸಾಲು ಹುಡುಕಿ ಬರೆದೆ:
ಬೊಳ್ಳವ್ವ, ಉಸಿರು. ಚೋಂದವ್ವ, ಎಡಗಾಲು.
ಜಾಗ ಸಾಲದೆ ಅಂಚಿನಲ್ಲಿ ನಾನು.

ಸಂಜೆ ಊರಿಂದ ಮಾವನ ಫೋನು:
ಈಗೆಲ್ಲ ಹೆಣ್ಣಿಗೂ ಹಾರಿಸುತ್ತೇವಮ್ಮಾ,
ಅಂಗಳದಲ್ಲೇ ಹಾರಿಸಿದೆ ಗುಂಡು.
ಎಷ್ಟು, ಅಂತ ಕೇಳಿಬಿಟ್ಟೆ.
ಒಂದೇ, ಅಂದರು. ಯಾಕೆ?