ಡಾಕ್ಟರ್‌ಬಾಯಿ

ಕಾರವಾರದಲ್ಲಿ ನನ್ನನ್ನು ಡಾಕ್ಟರ್‌ಬಾಯಿ ಎನ್ನುತ್ತಾರೆ.
ಕೊಂಕಣಿಯಲ್ಲಿ ಅದು ಮರ್ಯಾದೆ.
ಕುಮಟೆಯ ನನ್ನ ಕನ್ನಡದ ಕಿವಿಗೆ
ಹನ್ನೊಂದು ವರ್ಷದಿಂದ ಒಂದು ಕುಚೋದ್ಯ:
ನಾಲ್ಕು ಜನರೆದುರು ಬಿಡಲಾರದ ಬಾಯಿ
ಹೆಸರಿಗೇ ಬಂದು ಅಂಟಿಕೊಂಡಿದೆ.

ನನ್ನ ಕೆಲಸ ಅರಿವಳಿಕೆ.
ಹಸಿರು ಬಟ್ಟೆ, ಮುಖಗವಸು, ರೋಗಿಯ ತಲೆಯ ಬದಿಗೊಂದು ಸ್ಟೂಲು.
ಒಂದು ಕಿವಿಗೆ ಒಂದೇ ಮಾತು:
ಹೆದರಬೇಡಿ, ನಾನಿಲ್ಲೇ ಇದ್ದೇನೆ,
ಹತ್ತರಿಂದ ಹಿಂದಕ್ಕೆ ಎಣಿಸಿ.
ಧಾ, ಣವ್, ಆಟ್, ಸಾತ್
ಕೊಂಕಣಿಯಲ್ಲಿ ನಾನು ಮೊದಲು ಕಲಿತದ್ದು
ಈ ತಲೆಕೆಳಗಾದ ಲೆಕ್ಕ.
ನಾಲ್ಕನ್ನು ದಾಟಿದವರನ್ನು ಕಂಡಿಲ್ಲ.
ಕೇಳುವವರು ನಿದ್ದೆಹೋದರೆ ನಾನು ಗೆದ್ದಂತೆ.

ಹುಬ್ಬಳ್ಳಿಯಲ್ಲಿ ಓದುವಾಗ, ವೈವಾದ ದಿನ,
ಗೊತ್ತಿದ್ದ ಉತ್ತರವನ್ನು ಬೆರಳಲ್ಲಿ ಮೇಜಿನ ಮೇಲೆ ಬರೆದೆ.
ಪರೀಕ್ಷಕರು ಮೇಜು ನೋಡಿದರು, ನನ್ನನ್ನು ನೋಡಿದರು,
ಪಾಸು ಮಾಡಿದರು. ಅದೇ ತಪ್ಪಾಯಿತೇನೋ.
ಆಮೇಲೆ ಸೆಮಿನಾರೆಂದರೆ ಜ್ವರ,
ಥರ್ಮಾಮೀಟರಿಗೂ ಕಾಣುವಂಥ ಜ್ವರ.
ಕರೆದಲ್ಲಿಗೆಲ್ಲ ಜೂನಿಯರ್ ದಿಗಂಬರನನ್ನು ಕಳಿಸಿ
ಅವನ ಸ್ಲೈಡುಗಳನ್ನು ರಾತ್ರಿ ಕೂತು ನಾನೇ ಮಾಡಿದೆ.
ಅವನಿಗೆ ಬಡ್ತಿಯಾಯಿತು.

ಈ ಸಲ ದಿಗಂಬರನಿಗೇ ಜ್ವರ.
ಬೈತಖೋಲ ಬಂದರು, ಜುಲೈ ಕೊನೆ,
ನಾಳಿದ್ದು ಬೋಟುಗಳು ಕಡಲಿಗಿಳಿಯಬೇಕು.
ನೀರಲ್ಲಿ ಮುಳುಗಿದವನಿಗೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು,
ಆಮೇಲೆ ಎದೆಗೆ ಒತ್ತು. ಇಷ್ಟೇ. ಹೇಳಿಕೊಡಬೇಕು.
ಹಿಂದಿನ ವಾರವೆಲ್ಲ ಆಕ್ಸಿಜನ್ ಕೋಣೆಯಲ್ಲಿ
ಹದಿನಾರು ಸಿಲಿಂಡರುಗಳೆದುರು ಭಾಷಣ ಮಾಡಿದೆ.
ಒಂದೂ ಎದ್ದುಹೋಗಲಿಲ್ಲ.

ಮೀನು ಹರಾಜಿನ ಕಟ್ಟೆಯ ಮೇಲೆ ಇನ್ನೂರು ಜನ.
ಕೆಲವರ ಕೈ ಬಲೆಯಲ್ಲಿ, ಕಣ್ಣು ನನ್ನಲ್ಲಿ.
ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ಮಲಗಿದ ರಬ್ಬರ್ ಮನುಷ್ಯ
ಬಾಯಿ ತೆರೆದು ನನಗಾಗಿ ಕಾಯುತ್ತಿದ್ದ.
ಮೈಕು ಹಿಡಿದೆ. ನಾಲಗೆ ಒಣಬಂಗಡೆ.
ನಾಡಿ ನೂರನಲವತ್ತು; ಕೈಬೆರಳು ತಣ್ಣಗೆ;
ಬೇರೆಯವರಾಗಿದ್ದರೆ ಯಾವ ಮದ್ದು, ಎಷ್ಟು ಮಿಲಿ, ಹೇಳುತ್ತಿದ್ದೆ.
ಎಲ್ಲಿಂದಲೋ ಐಸು ಒಡೆಯುವ ಸದ್ದು.
ಎಷ್ಟು ಹೊತ್ತು, ಗೊತ್ತಿಲ್ಲ.

ಮುಂದಿನ ಸಾಲಲ್ಲಿ ಪುರುಸೋ ತಾಂಡೇಲ.
ಹೋದ ವರ್ಷ ಹರ್ನಿಯಾ, ಆರಕ್ಕೇ ನಿದ್ದೆಹೋದವನು.
ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿ ಹೇಳಿದ:
‘ಭಿಯೆನಾಕಾ ಬಾಯೀ. ಹಾಂವ್ ಹಾಂಗಾಚ್ ಆಸಾಂ. ಧಾ ಮ್ಹಣ.’
ನನ್ನದೇ ಮಾತು.
ನಿದ್ದೆಗೆ ಹೋಗುವಾಗ ಜೇಬಲ್ಲಿಟ್ಟುಕೊಂಡು ಹೋಗಿದ್ದನೇ ಇವನು?
ಜನ ನಕ್ಕರು. ನಾನು ಧಾ ಎಂದೆ.
ಮೈಕು ಕಿರುಚಿತು. ಣವ್. ಆಟ್.
ಹಿಂದಿನ ಸಾಲಿನ ಹುಡುಗರೂ ಸೇರಿಕೊಂಡರು.
ಪಾಂಚ್. ಚಾರ್. ನನ್ನ ಮೇಜಿನ ಮೇಲೆ
ಯಾರೂ ದಾಟದ ಗಡಿ. ತೀನ್. ದೋನ್.
ಏಕ್.
ಎಚ್ಚರವಾಗಿದ್ದೆ.

ಪುರುಸೋನ ಎಡಗಿವಿಗೆ ಹೇಳತೊಡಗಿದೆ,
ಆಮೇಲೆ ಪಕ್ಕದ ಮುದುಕನ ಕಿವಿಯ ಯಂತ್ರಕ್ಕೆ,
ಆಮೇಲೆ ಅಬೋಲಿ ಮುಡಿದ ಒಬ್ಬಳಿಗೆ, ಹೀಗೆ.
ಎರಡು ಕಡೆ ತಪ್ಪಿದೆ, ಒಮ್ಮೆ ಮೈಕನ್ನೇ ರಬ್ಬರ್ ಎದೆಯ ಮೇಲಿಟ್ಟು ಒತ್ತಿದೆ.
ಒಬ್ಬ ನಿದ್ದೆಹೋದ; ಅವನು ಐಸ್ ಫ್ಯಾಕ್ಟರಿಯ ರಾತ್ರಿಪಾಳಿ, ಲೆಕ್ಕಕ್ಕಿಲ್ಲ.
‘ಈ ಗೊಂಬೆಗೆ ಮೀಸೆಯಿಲ್ಲ. ನಮ್ಮ ಮಾಮನ ಬಾಯಲ್ಲಿ
ಯಾವಾಗಲೂ ಗುಟ್ಕಾ, ಅವನೇ ಬಿದ್ದರೆ?’
ಎಂದೊಬ್ಬ ಹುಡುಗ.
ಬಟ್ಟೆ ಸುತ್ತಿದ ಬೆರಳಲ್ಲಿ ಮೊದಲು ಒರೆಸು, ಎಂದೆ,
ಅವನು ಬದುಕಿದ ಮೇಲೆ ಬೈಯಿ.

ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ.
ಸೆಪ್ಟೆಂಬರಿನಲ್ಲಿ ಶಿರಸಿಯಿಂದ ಕರೆ,
ನರ್ಸುಗಳಿಗೆ ಒಂದು ಗಂಟೆ ಮಾತಾಡಬೇಕು.
ಹಿಂದಿನ ರಾತ್ರಿ ತೊಂಬತ್ತೊಂಬತ್ತು ಪಾಯಿಂಟ್ ಎಂಟು.
ಥರ್ಮಾಮೀಟರನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.
ದೇವಿಮನೆ ಘಟ್ಟದ ಮೂರನೇ ತಿರುವಿಗೆ ನೂರು.
ಧಾ, ಣವ್, ಎಂದು ತುಟಿ ಆಡಿತಿರಬೇಕು.
ಪಕ್ಕದ ಸೀಟಿನ ಹೆಂಗಸು ಕೇಳಿದಳು:
‘ಎಂತ ಎಣಿಸ್ತಾ ಇದ್ರಿ?’

ಹೇಳಿದೆ.
ಶಿರಸಿ ಬರುವವರೆಗೂ ಹೇಳಿದೆ.