ಸ್ಟ್ಯಾಂಡ್ ಹಾಕುವ ಸದ್ದು

ಪಾಂಡವಪುರ ದಾಟಿ ಬಸ್ಸಿಳಿದು, ನಾಲೆಯ ಏರಿಯ ಮೇಲೆ
ಎರಡು ಮೈಲಿ ನಡಿಗೆ. ಹೆಗಲಿಗೆ ಗೋಣಿಚೀಲ,
ಅದರೊಳಗೆ ಒಂದು ತಮಟೆ, ಹಳೆ ಸೀರೆ ನಾಲ್ಕು,
ಮೈದಾ ಗೋಂದಿನ ಡಬ್ಬಿ, ರಟ್ಟಿನ ಕಿರೀಟ.
ಮೈಸೂರಲ್ಲೇ ಕಂಡಕ್ಟರು ಲಗೇಜಿಗೆ ಟಿಕೆಟ್ ಹರಿದಿದ್ದ.
"ರಾಜನ ಕಿರೀಟ ಸ್ವಾಮಿ ಇದು" ಅಂದರೆ
"ರಾಜನಿಗೂ ಹತ್ತು ರೂಪಾಯಿ" ಅಂದಿದ್ದ.

ಹತ್ತು ದಿನದ ಶಿಬಿರ. ಏಳು, ಎಂಟನೇ ತರಗತಿ.
ಬೆಂಚುಗಳನ್ನು ಗೋಡೆಗೆ ತಳ್ಳಿದೆವು.
ಬಯಲಾದ ನೆಲ ನೋಡಿ
ಮಕ್ಕಳೂ ಗೋಡೆಗೇ ಅಂಟಿಕೊಂಡರು.
"ಇಷ್ಟು ಜಾಗ ಇಟ್ಕೊಂಡು ಏನ್ ಮಾಡದು ಸಾ?"
ಕೇಳಿದವನು ಯತೀಶ.

ಮೂರನೇ ದಿನ ಹೇಳಿದೆ,
ನಾಳೆ ನಿಮ್ಮ ನಿಮ್ಮ ಮನೆಯಿಂದ ಒಂದೊಂದು ಸದ್ದು ತನ್ನಿ.

ತಂದರು.
ಯತೀಶ ಆಲೆಮನೆಯ ಗಾಣ ತಂದ, ಹಲ್ಲು ಕಡಿಯುತ್ತ.
ಶೋಯಬ್ ಅಜ್ಜನ ಕೆಮ್ಮು ತಂದ,
ನಡುವೆ ಬೀಡಿ ಹಚ್ಚುವ ಬಿಡುವಿನ ಸಮೇತ.
ಕೋಳಿಯನ್ನು ಮೂವರು ತಂದರು;
ಒಂದರ ಹಾಗೆ ಇನ್ನೊಂದಿರಲಿಲ್ಲ.
ಬಿಂದುಶ್ರೀ ನಡುವೆ ಬಂದು ನಿಂತಳು,
ಬಲಗಾಲೆತ್ತಿ ಕಾಣದ್ದೇನನ್ನೋ ಒತ್ತಿ
ಎರಡೂ ಕೈಯಿಂದ ಹಿಂದಕ್ಕೆಳೆದು
"ಖಟ್ಟಡ್" ಅಂದಳು.
ಅಷ್ಟೇ.
ಏನಮ್ಮ ಇದು?
"ನಮ್ಮಪ್ಪ ಗಾಡಿ ಸ್ಟ್ಯಾಂಡ್ ಆಕದು ಸಾ.
ಆಮೇಕೆ ಮನೇಲಿ ಯಾರೂ ಮಾತಾಡಲ್ಲ."
ನಕ್ಕರು. ಒಂದಿಬ್ಬರು ನಗಲಿಲ್ಲ,
ಅವರ ಮನೆಯಲ್ಲೂ ಗಾಡಿ ಇತ್ತು.

ನನಗೆ ಇದಕ್ಕೇನು ಮಾಡಬೇಕೆಂದು
ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.
ತಮಟೆ ಕಾಸುತ್ತೇನೆಂದು ಹೊರಗೆ ಹೋದೆ.
ಅದು ಕಾದೇ ಇತ್ತು.

ನಾಟಕದಲ್ಲೊಬ್ಬ ಅರಸ,
ಕಬ್ಬಿನ ಗದ್ದೆಯ ನೆರಳಿಗೂ ಸುಂಕ ಹಾಕುವವನು.
ಅವನು ಬರುವಾಗ ತಮಟೆ, ಎಂದು ಬರೆದುಕೊಂಡಿದ್ದೆ.
"ಬ್ಯಾಡಿ ಸಾ, ಬಿಂದೂದು ಮಡಗನಾ" ಅಂದ ಶೋಯಬ್.
ಪುಟ್ಟಮಾದಯ್ಯ ಮೇಷ್ಟ್ರು ತಮ್ಮ ಸೈಕಲ್ ಕೊಟ್ಟರು.
ಬಿಂದುಶ್ರೀ ಕಿವಿಗೊಟ್ಟು, ತಲೆಯಾಡಿಸಿ,
ಕ್ಯಾರಿಯರಿಗೆ ಎರಡು ಇಟ್ಟಿಗೆ ಕಟ್ಟಿಸಿದಳು.
"ಈಗ ಸರೋಯ್ತು."
ಪರದೆಯ ಹಿಂದೆ ಖಟ್ಟಡ್ ಅಂದರೆ
ಮಂತ್ರಿ, ದಂಡನಾಯಕ, ಎರಡು ಕುದುರೆ, ಒಂದು ಮರ,
ಲೆಕ್ಕ ಬರೆಯುವ ಶಾನುಭೋಗ—ಅದು ಅವಳೇ, ಮಸಿಯ ಮೀಸೆ—
ಎಲ್ಲ ಇದ್ದಲ್ಲೇ ಕಲ್ಲು.

ಹತ್ತನೇ ದಿನ, ಮೂರೂವರೆಗೆ ನಾಟಕ.
ಬಿಸಿಯೂಟದ ಸಾಕಮ್ಮ ಸೌಟು ಹಿಡಿದೇ ಬಂದು ಕೂತರು.
ಎರಡನೇ ದೃಶ್ಯ. ನಾನಿನ್ನೂ ಅರಸನ ಕಿರೀಟಕ್ಕೆ
ಪಿನ್ನು ಹಾಕುತ್ತಿದ್ದೆ.
ಖಟ್ಟಡ್.
ಪರದೆಯ ಹಿಂದಿನಿಂದಲ್ಲ,
ಗೇಟಿನ ಹತ್ತಿರದಿಂದ.

ಹದಿನೇಳು ಮಕ್ಕಳು ಕಲ್ಲಾದರು.
ಹೊಂಗೆಯ ಕೆಳಗೆ ಮೊಪೆಡ್ಡು, ಅದರ ಮೇಲೆ ಹಸಿಹುಲ್ಲಿನ ಹೊರೆ,
ಪಕ್ಕದಲ್ಲಿ ಒಬ್ಬ ಮನುಷ್ಯ, ಕೈಲಿ ಟವೆಲ್ಲು.
ಅವರು ಅಲುಗಲಿಲ್ಲ.
ಅವನೂ ಅಲುಗಲಿಲ್ಲ.
ಇದೂ ನಾಟಕವೇ ಅಂದುಕೊಂಡು ಜನ ಕಾದರು.

ಮೊದಲು ಅಲುಗಿದ್ದು ಶಾನುಭೋಗನ ಮೀಸೆ.
ಬಿಂದುಶ್ರೀ ಲೆಕ್ಕದ ಪುಸ್ತಕ ಮಡಿಚಿ
ನಾನು ಬರೆಯದ ಮಾತಾಡಿದಳು:
"ಇವರು ಅರಸರಲ್ಲ ಕಣ್ರಪ್ಪೋ, ನೋಡಕ್ ಬಂದವರು.
ಯಾರಾದ್ರೂ ಒಸಿ ಜಾಗ ಬುಡಿ."

ಒಂದನೇ ತರಗತಿಯ ಬೆಂಚಿನ ತುದಿಯಲ್ಲಿ
ಮೊಣಕಾಲು ಎದೆಗೆ ಬರುವಂತೆ ಕೂತ.
ಆಮೇಲಿನ ಖಟ್ಟಡ್‌ಗಳೆಲ್ಲ ಸೈಕಲ್ಲಿನವು.
ಪ್ರತಿ ಸಲವೂ ಜನ ನಕ್ಕರು. ಅವನು
ಟವೆಲ್ಲಿನ ಅಂಚಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದ.

ಸೀರೆ ಮಡಿಸುವಾಗ ಕಿಟಕಿಯಿಂದ ಕಂಡದ್ದಿಷ್ಟು.
ಗಾಡಿಯ ಸ್ಟ್ಯಾಂಡನ್ನು ಅವನು ಬಗ್ಗಿ
ಕೈಯಿಂದ ಹಿಡಿದು ಮೆಲ್ಲಗೆ ಮಡಿಸಿದ.
ನಾಲೆಯ ಏರಿಯವರೆಗೂ ಸ್ಟಾರ್ಟ್ ಮಾಡದೆ
ತಳ್ಳಿಕೊಂಡೇ ನಡೆದ. ಪಕ್ಕದಲ್ಲಿ ಮಗಳು, ಮೀಸೆ ಅಳಿಸದೆ,
ಏನೋ ಹೇಳುತ್ತಿದ್ದಳು, ಕೈಬೀಸಿ ಬೀಸಿ.

ಪೆಟ್ರೋಲು ಮುಗಿದಿದ್ದರೂ ಮುಗಿದಿರಬಹುದು.
ಕೇಳಲಿಲ್ಲ ನಾನು.
ಐದೂಕಾಲಿನ ಬಸ್ಸಿತ್ತು, ಕಿರೀಟ ಸಿಗುತ್ತಿರಲಿಲ್ಲ,
ಯಾರ ತಲೆಯ ಮೇಲೆ ಹೋಯಿತೋ ಅಂತ
ಊರೆಲ್ಲ ಹುಡುಕುತ್ತಿದ್ದೆ.